ಮೂಷಕವನ್ನು ಮನೆಗೆ ತರುವ ಮುನ್ನ

ಇಲಿಗೆ ಸಂಸ್ಕೃತದಲ್ಲಿರುವ ಹೆಸರುಗಳನ್ನು ನೋಡಿದರೆ, ನಮ್ಮ ಹಿರಿಯರು ಆ ಪ್ರಾಣಿಯನ್ನು ಎಷ್ಟು ಹತ್ತಿರದಿಂದ ಕಂಡಿದ್ದರೆಂಬುದು ಗೊತ್ತಾಗುತ್ತದೆ. ಮೂಷಕವೆಂಬ ಮಾತು ಕದಿಯುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು, ಆಖುವೆಂದರೆ ಅಗೆಯತಕ್ಕದ್ದು. ಒಂದು ಹೆಸರಿನಲ್ಲಿ ಉಗ್ರಾಣದ ಕಳವು, ಇನ್ನೊಂದರಲ್ಲಿ ಗೋಡೆಯ ಕನ್ನ. ಇಷ್ಟು ಚೆನ್ನಾಗಿ ಬಲ್ಲವರೇ ಅದನ್ನು ವಿಘ್ನೇಶ್ವರನಿಗೆ ವಾಹನವಾಗಿಯೂ ಕೊಟ್ಟರು. ಭಾದ್ರಪದ ಶುದ್ಧ ಚೌತಿಯ ದಿನ ಮಣ್ಣಿನ ಇಲಿಯ ಮುಂದೆ ಕಡುಬನ್ನಿಟ್ಟು ಕೈಮುಗಿದು, ಪಂಚಮಿಯ ರಾತ್ರಿ ಅದೇ ಮನೆಯ ಅಟ್ಟದ ಮೇಲೆ ಬೋನನ್ನಿಡುವುದು ನಮ್ಮಲ್ಲಿ ಯಾರಿಗೂ ವಿಪರೀತವಾಗಿ ತೋರಿಲ್ಲ.

ಈಗ ಕೆಲವು ವರ್ಷಗಳಿಂದ ಪಟ್ಟಣಗಳಲ್ಲಿ, ಪೂಜೆಯೂ ಅಲ್ಲದ ಬೋನೂ ಅಲ್ಲದ ಮೂರನೆಯ ಸಂಬಂಧವೊಂದು ಬೆಳೆಯುತ್ತಿದೆ. ಹ್ಯಾಮ್‌ಸ್ಟರ್, ಗಿನಿಪಿಗ್ ಎಂದು ಅಂಗಡಿಯವರು ಕರೆಯುವ ಗಿನಿಹಂದಿ, ಬಿಳಿಯ ಇಲಿ ಇವುಗಳನ್ನು ಹಣಕೊಟ್ಟು ತಂದು, ಪಂಜರದಲ್ಲಿಟ್ಟು, ಮಕ್ಕಳ ಕೈಗೆ ಒಪ್ಪಿಸುತ್ತಾರೆ. ಬಾಡಿಗೆಯ ಮನೆಯಲ್ಲಿ ನಾಯಿಗೆ ಮಾಲೀಕರ ಒಪ್ಪಿಗೆಯಿಲ್ಲ. ಬೆಕ್ಕು ನೆರೆಮನೆಯ ಹಾಲಿಗೆ ಹೋಗುತ್ತದೆ. ಇವಾದರೋ ಚಿಕ್ಕವು, ಬೊಗಳುವುದಿಲ್ಲ, ಬೀದಿಯಲ್ಲಿ ಅಡ್ಡಾಡಿಸಬೇಕಾದ್ದಿಲ್ಲ, ಮೂಲೆಯಲ್ಲೊಂದು ಗೂಡಿದ್ದರೆ ಮುಗಿಯಿತು ಎಂದು ಹೇಳುವವರನ್ನು ಕಂಡಿದ್ದೇನೆ. ಪ್ರಾಣಿ ಚಿಕ್ಕದಾದರೆ ಹೊಣೆಯೂ ಚಿಕ್ಕದೆಂಬ ಈ ಎಣಿಕೆಯನ್ನು ಸ್ವಲ್ಪ ವಿಚಾರಿಸಿ ನೋಡಬೇಕೆಂದು ಈ ಲೇಖನವನ್ನು ಬರೆಯಹೊರಟೆನು.

ಇದಕ್ಕೆ ನಿಮಿತ್ತನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕಳೆದ ವರ್ಷದ ಮಾರ್ಚಿ ತಿಂಗಳಲ್ಲಿ ಒಂದು ಸಂಜೆ ಮನೆಗೆ ಬಂದನು. ಅವನು ನಮ್ಮ ಊರಿಗೆ ವರ್ಗವಾಗಿ ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ. ಗಂಡಹೆಂಡಿರಿಬ್ಬರೂ ಉದ್ಯೋಗದಲ್ಲಿರುವವರು; ಹತ್ತು ವರ್ಷದ ಒಬ್ಬಳೇ ಮಗಳು. ನಾಲ್ಕು ಗಂಟೆಗೆ ಶಾಲೆಯಿಂದ ಬರುವ ಹುಡುಗಿ ತಾನೇ ಬೀಗ ತೆಗೆದು ಒಳಹೊಕ್ಕು, ಆರೂವರೆಯವರೆಗೆ ಒಬ್ಬಳೇ ಇರಬೇಕು. ಹಿಂದೆ ಮಾತಿನ ಮಲ್ಲಿಯಾಗಿದ್ದವಳು ಹೊಸ ಊರಿಗೆ ಬಂದಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳೆಂದು ಹೇಳುವಾಗ ಅವನ ದನಿ ತಗ್ಗಿತು.

"ಮೇಷ್ಟ್ರೇ, ಹುಟ್ಟಿದಹಬ್ಬಕ್ಕೆ ಹ್ಯಾಮ್‌ಸ್ಟರ್ ಬೇಕು ಅಂತ ಹಟ ಹಿಡಿದಿದ್ದಾಳೆ. ಅದಾದರೂ ಇದ್ದರೆ ಸಂಜೆಹೊತ್ತು ಅವಳಿಗೊಂದು ಜೊತೆ ಆಗುತ್ತಲ್ಲ ಅಂತ ನಮಗೂ ಅನ್ನಿಸ್ತಾ ಇದೆ. ತಾವು ಏನು ಹೇಳ್ತೀರಿ?" ಎಂದನು.

ವ್ಯಾಕರಣ ಹೇಳಿಕೊಟ್ಟವನನ್ನು ಹ್ಯಾಮ್‌ಸ್ಟರಿನ ವಿಷಯ ಕೇಳುವುದು ವಿನೋದವೇ ಸರಿ. ಆದರೆ ಅವನು ಕೇಳಿದ್ದು ನಿಜವಾಗಿ ಮಗಳ ವಿಷಯವಾದುದರಿಂದ, ಒಂದು ವಾರದ ಅವಕಾಶ ಬೇಡಿ, ಪಶುವೈದ್ಯರಾದ ಸ್ನೇಹಿತರೊಬ್ಬರಲ್ಲಿಗೆ ಎರಡು ಸಲ ಹೋಗಿ ಬಂದೆನು. ಸಿಕ್ಕಿದ ಪುಸ್ತಕಗಳನ್ನೂ ಓದಿದೆನು.

ಮೊದಲು ಹುಡುಗಿ ಬಯಸಿದ ಪ್ರಾಣಿಯ ಮಾತು. ಸಾಧಾರಣವಾಗಿ ದೊರೆಯುವ ಹೊಂಬಣ್ಣದ ಹ್ಯಾಮ್‌ಸ್ಟರಿನ ಸ್ವದೇಶವು ಸಿರಿಯಾ ಮತ್ತು ಅದಕ್ಕೆ ಹೊಂದಿಕೊಂಡ ತುರ್ಕಿಯ ಗಡಿನಾಡು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞನು ಅಲೆಪ್ಪೋ ನಗರದ ಬಳಿಯ ಹೊಲವೊಂದನ್ನು ಆಳವಾಗಿ ಅಗೆಯಿಸಿ, ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿಸಿದನು. ಸೆರೆಸಿಕ್ಕ ಗಾಬರಿಯಲ್ಲಿ ತಾಯಿಯು ತನ್ನ ಮರಿಯೊಂದನ್ನು ತಾನೇ ಕಚ್ಚಿ ಕೊಂದಿತು. ಉಳಿದ ಮರಿಗಳಲ್ಲಿ ಕೆಲವು ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ಬದುಕಿ ಸಂತಾನವನ್ನು ಪಡೆದುವು. ಇಂದು ಪ್ರಪಂಚದ ಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳು ಬಹುಮಟ್ಟಿಗೆ ಎಲ್ಲವೂ ಆ ಒಂದು ಬಿಲದ ವಂಶದವು. ನಾಯಿಯು ಮನುಷ್ಯನ ಒಡನಾಟದಲ್ಲಿ ಸಾವಿರಾರು ವರ್ಷ ಕಳೆದಿದೆ. ಹ್ಯಾಮ್‌ಸ್ಟರ್ ನಮ್ಮ ಮನೆ ಹೊಕ್ಕು ಇನ್ನೂ ನೂರು ವರ್ಷ ತುಂಬಿಲ್ಲ. ಅದರ ಒಳಗೆ ಇರುವುದು ಈಗಲೂ ಆ ಹೊಲದ ಆಳದ ಕತ್ತಲೆಯೇ.

ಆದಕಾರಣ ಅದು ಹಗಲೆಲ್ಲ ಮಲಗುತ್ತದೆ. ಊರು ಊಟಮಾಡಿ ದೀಪ ಆರಿಸುವ ಹೊತ್ತಿಗೆ ಎದ್ದು, ಕೆನ್ನೆಯ ಚೀಲಗಳಲ್ಲಿ ಕಾಳು ತುಂಬಿಕೊಂಡು ಮೂಲೆಗೆ ಸಾಗಿಸುತ್ತದೆ. ಗೂಡಿನಲ್ಲಿ ತಿರುಗುಚಕ್ರವಿದ್ದರೆ ಒಂದು ರಾತ್ರಿಯಲ್ಲಿ ಹಲವು ಕಿಲೋಮೀಟರು ಓಡುತ್ತದೆ. ಮಲಗಿರುವುದನ್ನು ಮಗು ಪ್ರೀತಿಯಿಂದಲೇ ಎತ್ತಿಕೊಂಡರೂ, ನಿದ್ದೆಗೆಟ್ಟ ಪ್ರಾಣಿಯು ಕಚ್ಚುತ್ತದೆ. ಅಂಗಡಿಯಲ್ಲಿ ಕೊಡುವ ಅಂಗೈಯಗಲದ ಬಣ್ಣದ ಗೂಡುಗಳು ಅದಕ್ಕೆ ಸೆರೆಮನೆಗಳು. ಒಂದು ಗೇಣಿಗಿಂತ ಹೆಚ್ಚು ಆಳವಾಗಿ ಮೆತ್ತನೆಯ ಹಾಸು ತುಂಬಿ, ಅಗೆದು ಅಡಗಲು ಎಡೆಕೊಡಬೇಕು. ಇನ್ನೊಂದು ವಿಶೇಷವೆಂದರೆ, ಹೊಂಬಣ್ಣದ ಹ್ಯಾಮ್‌ಸ್ಟರ್ ಬೆಳೆದಮೇಲೆ ಏಕಾಂತವಾಸಿ. ನನಗೆ ತಿಳಿದ ಒಂದು ಮನೆಯಲ್ಲಿ, ಒಂದೇ ಇದ್ದರೆ ಬೇಸರಪಟ್ಟೀತೆಂದು ಮರುಕದಿಂದ ಎರಡನ್ನು ಒಂದೇ ಗೂಡಿನಲ್ಲಿ ಬಿಟ್ಟಿದ್ದರು. ಎರಡು ತಿಂಗಳು ಸುಖವಾಗಿದ್ದುವು. ಒಂದು ಬೆಳಗ್ಗೆ ಆ ಮನೆಯ ಮಗು ಹಾಲು ಕುಡಿಯುವುದಕ್ಕೆ ಮುಂಚೆ ಗೂಡನ್ನು ನೋಡಲು ಹೋಗಿ ಏನನ್ನು ಕಂಡಿತೆಂಬುದನ್ನು ನಾನು ವಿಸ್ತರಿಸುವುದಿಲ್ಲ.

ಸಾಕಿದ ಇಲಿಯ ಸ್ವಭಾವ ಇದಕ್ಕೆ ತೀರ ವಿರುದ್ಧ. ಬುದ್ಧಿಯನ್ನೇ ನೋಡುವುದಾದರೆ ಈ ಜಾತಿಯಲ್ಲಿ ಅದಕ್ಕೆ ಅಗ್ರಪೂಜೆ ಸಲ್ಲಬೇಕು. ಸಾಕಿದವರ ಗುರುತು ಹಿಡಿಯುತ್ತದೆ, ಕರೆದರೆ ಬರುತ್ತದೆ, ಜೊತೆಯಿಲ್ಲದಿದ್ದರೆ ಕೊರಗುತ್ತದೆ. 2011ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಪಂಡಿತರು ಒಂದು ಇಲಿಯನ್ನು ಇಕ್ಕಟ್ಟಾದ ಕೊಳವೆಯಲ್ಲಿ ಕೂಡಿ, ಇನ್ನೊಂದನ್ನು ಹೊರಗೆ ಬಿಟ್ಟು ಪರೀಕ್ಷೆ ಮಾಡಿದರು. ಹೊರಗಿನದು ಬಾಗಿಲನ್ನು ತೆರೆಯುವ ಬಗೆಯನ್ನು ತಾನೇ ಕಲಿತು ಒಡನಾಡಿಯನ್ನು ಬಿಡಿಸಿತು. ಪಕ್ಕದಲ್ಲಿ ಚಾಕೊಲೇಟು ಇಟ್ಟಾಗಲೂ ಎಷ್ಟೋ ಸಲ ಬಿಡಿಸಿ, ಅದಕ್ಕೂ ಪಾಲುಳಿಸಿತು. ಪಂಚತಂತ್ರದ ಹಿರಣ್ಯಕನು ಪಾರಿವಾಳಗಳ ಬಲೆ ಕತ್ತರಿಸಿದ ಕಥೆಯನ್ನು ವರ್ಷವರ್ಷವೂ ಪಾಠ ಹೇಳಿದ ನನಗೆ ಇದನ್ನೋದಿ ಆದ ಸಂತೋಷ ಅಷ್ಟಿಷ್ಟಲ್ಲ. ಒಳಗೆ ಹೋಗಿ ನನ್ನಾಕೆಗೂ ಓದಿ ಹೇಳಿದೆನು.

"ಹಿರಣ್ಯಕ ಪುಸ್ತಕದಲ್ಲೇ ಇರಲಿ. ಅಕ್ಕಿ ಡಬ್ಬದ ಹತ್ತಿರ ಬೇಡ" ಎಂದಳು.

ಅವಳ ಮಾತಿನಲ್ಲಿ ಬರಿಯ ಹೇಸಿಗೆಯಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮುಂದೆ ಎಷ್ಟೋ ವರ್ಷ ನಮ್ಮ ಸೀಮೆಯ ಊರುಗಳನ್ನು ಬಿಡದೆ ಕಾಡಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ, ಪಾತ್ರೆಪದಾರ್ಥಗಳನ್ನು ಕಟ್ಟಿಕೊಂಡು ಊರಾಚೆಯ ಗುಡಿಸಲಿಗೆ ಹೋಗಿ ತಿಂಗಳುಗಟ್ಟಲೆ ಇರಬೇಕಾಗಿತ್ತು. ಅವಳ ಅಜ್ಜಿಗೆ ಆ ಗುಡಿಸಲುಗಳಲ್ಲಿದ್ದ ನೆನಪಿತ್ತು. ಸತ್ತ ಇಲಿಯ ಸುದ್ದಿ ಬಂದರೆ ಮುದುಕಿ ಎಂಬತ್ತನೆಯ ವಯಸ್ಸಿನಲ್ಲಿಯೂ ಜಪಮಣಿ ಕೆಳಗಿಡುತ್ತಿದ್ದಳಂತೆ. ರೋಗವು ಚಿಗಟದ ಮೂಲಕ ಹರಡುವುದೆಂಬುದನ್ನು ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿದನು. ಇಲಿಯು ಆ ಮಾರಿಯ ಮೊದಲ ಬಲಿಯೇ ಹೊರತು ಅದನ್ನು ಹುಟ್ಟಿಸಿದುದಲ್ಲ. ಆದರೆ ಇಂಥ ನೆನಪುಳ್ಳ ಮನೆಯಲ್ಲಿ ಶಾಸ್ತ್ರದಿಂದ ಒಪ್ಪಿಗೆ ಪಡೆಯುವುದು ನ್ಯಾಯವಲ್ಲ. ಮನೆಯಲ್ಲಿ ಒಬ್ಬರಿಗೆ ದಿನವೂ ಮೈ ನಡುಗಿಸುವ ಪ್ರಾಣಿಯನ್ನು ಇನ್ನೊಬ್ಬರ ಸಂತೋಷಕ್ಕಾಗಿ ತರಕೂಡದು. ಅಷ್ಟೇ ಅಲ್ಲ, ಕಾಳಿಗೂ ಹಾಸಿಗೂ ಆಸೆಪಟ್ಟು ಹೊರಗಿನ ಇಲಿಗಳು ಗೂಡಿನ ಸುತ್ತ ಸೇರುತ್ತವೆ. ಹಳ್ಳಿಯ ಮನೆಯಾದರೆ ಅವುಗಳ ಹಿಂದೆ ಹಾವೂ ಬಂದೀತು. ಇಲಿಜ್ವರವೆಂದು ನಮ್ಮ ಮಲೆನಾಡು ಕರಾವಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಬೇನೆ ಇಲಿಗಳ ಮೂತ್ರದಿಂದ ಹರಡತಕ್ಕದ್ದು. ಐದು ವರ್ಷದೊಳಗಿನ ಕೂಸು, ಗರ್ಭಿಣಿ, ಬಹುದಿನದ ರೋಗಿ ಇವರುಳ್ಳ ಮನೆಯವರು ಯಾವ ಜಾತಿಯ ಮೂಷಕವನ್ನು ತರುವುದಕ್ಕೂ ಮೊದಲು ವೈದ್ಯರನ್ನು ಕೇಳತಕ್ಕದ್ದು. ಮುಟ್ಟಿದವರು ಸೋಪಿನಿಂದ ಕೈ ತೊಳೆಯದೆ ಅನ್ನಕ್ಕೆ ಕೈಹಾಕಲಾಗದು.

ಗಿನಿಹಂದಿಯು ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ಅದರ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ನಾಡು. ಅಲ್ಲಿಯ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಆಹಾರಕ್ಕಾಗಿ ಸಾಕಿದರು. ಈ ದೀರ್ಘಪರಿಚಯದಿಂದಲೋ ಏನೋ ಅದಕ್ಕೆ ಮನುಷ್ಯನಲ್ಲಿ ಹಗೆಯಿಲ್ಲ; ಕಚ್ಚುವುದು ಅಪರೂಪ. ಬೆಳಗ್ಗೆ ಸಂಜೆ ಎಚ್ಚರವಾಗಿದ್ದು, ಸೊಪ್ಪಿನ ಚೀಲದ ಸದ್ದು ಕೇಳಿದರೆ ಸಿಳ್ಳೆ ಹಾಕಿ ಕರೆಯುತ್ತದೆ. ಸಂತೋಷವಾದರೆ ನಿಂತಲ್ಲೇ ನೆಗೆಯುತ್ತದೆ. ಆದರೆ ಒಂಟಿಯಾಗಿ ಇರಲಾರದು. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಗಿನಿಹಂದಿಯನ್ನು ಒಂದೇ ಸಾಕುವುದು ಕಾನೂನಿಗೆ ವಿರುದ್ಧವಾಗಿದೆ. ನಗುವವರು ನಗಲಿ, ಆ ಕಾನೂನನ್ನು ಮಾಡಿದವರು ಪ್ರಾಣಿಯ ಮನಸ್ಸನ್ನು ಬಲ್ಲವರು. ಎರಡು ಗಿನಿಹಂದಿಗಳಿಗೆ ಏಳೆಂಟು ಚದರಡಿಯ ನೆಲವಾದರೂ ಬೇಕು. ಮುಖ್ಯ ಆಹಾರ ಹುಲ್ಲು. ದಿನವಿಡೀ ಮೇಯುತ್ತಿರಬೇಕು, ದಿನವಿಡೀ ಹಿಕ್ಕೆ ಹಾಕುತ್ತಿರುತ್ತದೆ, ಅದನ್ನು ಯಾರಾದರೂ ಗುಡಿಸುತ್ತಿರಬೇಕು. ಗಣಪತಿಗೆ ಏರಿಸುವ ಗರಿಕೆಯೇ ಇದಕ್ಕೂ ಹಿತವಾದ ಮೇವು. ಮನುಷ್ಯನಂತೆ ಈ ಪ್ರಾಣಿಯೂ ಸಿ ಜೀವಸತ್ತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರಾಲಿಕ್ ಎಂಬ ಇಬ್ಬರು ವಿದ್ವಾಂಸರು, ಬರಿಯ ಧಾನ್ಯ ತಿಂದ ಗಿನಿಹಂದಿಗೆ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗವೇ ಬರುವುದನ್ನು ಕಂಡರು. ಕೊತ್ತಂಬರಿ ಸೊಪ್ಪು, ದೊಣ್ಣೆಮೆಣಸಿನಕಾಯಿಯ ಚೂರು ಇವನ್ನು ದಿನವೂ ಕೊಟ್ಟರೆ ಆ ಕೊರತೆ ತೀರುವುದು. ಈರುಳ್ಳಿ, ಬೆಳ್ಳುಳ್ಳಿ, ಕರಿದ ತಿಂಡಿ, ಹಾಲಿನ ಮಿಠಾಯಿ ಇವು ವಿಷಕ್ಕೆ ಸಮಾನ. ಮನೆಗೆ ಬಂದ ಅತಿಥಿಗಳು ಚಕ್ಕುಲಿಯ ಚೂರನ್ನು ಗೂಡಿಗೆ ಹಾಕದಂತೆ ಕಾಯುವುದೇ ಒಂದು ಕೆಲಸ.

ಈ ಜಾತಿಯ ಎಲ್ಲಕ್ಕೂ ಮುಂದಿನ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಕಡಿಯುವುದು ಅವುಗಳಿಗೆ ಚೇಷ್ಟೆಯಲ್ಲ. ಕಡಿದು ಸವೆಸದಿದ್ದರೆ ಬಾಯಿ ಮುಚ್ಚಲಾಗದೆ ಉಪವಾಸ ಬಿದ್ದು ಸಾಯುತ್ತವೆ. ಮರದ ತುಂಡನ್ನು ಕೊಡದಿದ್ದರೆ ವಿದ್ಯುತ್ತಿನ ತಂತಿಯನ್ನೋ ಮಗುವಿನ ಪಠ್ಯಪುಸ್ತಕವನ್ನೋ ಹುಡುಕುತ್ತವೆ. ಕಬ್ಬಿಣದ ತಕ್ಕಡಿಯನ್ನು ಇಲಿ ತಿಂದಿತೆಂದು ಹೇಳಿದ ಕಥೆಯ ವರ್ತಕನನ್ನು ಮೂಷಕ ಸಾಕಿದವರು ಅಷ್ಟು ಸುಲಭವಾಗಿ ಸುಳ್ಳನೆನ್ನಲಾರರು.

ಶೆಕೆಯ ವಿಚಾರವನ್ನು ನಮ್ಮವರು ಸಾಲದಷ್ಟು ಎಣಿಸುತ್ತಾರೆ. ಗಿನಿಹಂದಿಯು ತಂಪುಬೆಟ್ಟಗಳ ಪ್ರಾಣಿ, ಮೈ ಬೆವರದು. ಉಷ್ಣತೆ 30 ಡಿಗ್ರಿಗೆ ಮುಟ್ಟಿದರೆ ಅದಕ್ಕೆ ಕಷ್ಟ ಮೊದಲಾಗುತ್ತದೆ. ಕಲಬುರಗಿ ರಾಯಚೂರುಗಳ ಕಡೆ ಬೇಸಗೆಯಲ್ಲಿ 40 ಡಿಗ್ರಿ ದಾಟುವುದುಂಟು. ಅಲ್ಲಿ ತಂಪು ಮಾಡಿದ ಕೋಣೆಯಿಲ್ಲದವರು ಈ ಆಸೆಯನ್ನು ಬಿಡುವುದೇ ಪ್ರಾಣಿಗೆ ಮಾಡುವ ಉಪಕಾರ. ಬೆಂಗಳೂರು ಮೈಸೂರುಗಳಲ್ಲಿಯೂ ತಗಡಿನ ಚಾವಣಿಯ ಕೆಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ ಗೂಡನ್ನಿಟ್ಟರೆ ಏಪ್ರಿಲಿನ ಒಂದು ಮಧ್ಯಾಹ್ನ ಸಾಕು.

ಔಷಧದ ವಿಷಯದಲ್ಲಿ ನನ್ನ ಪಶುವೈದ್ಯ ಮಿತ್ರರು ಹೇಳಿದ ಒಂದು ಮಾತನ್ನು ಗೃಹಸ್ಥರೆಲ್ಲರೂ ಕೇಳಬೇಕು. ಮಕ್ಕಳಿಗೆ ಕೆಮ್ಮು ಜ್ವರಕ್ಕೆ ಬರೆದುಕೊಡುವ ಅಮಾಕ್ಸಿಸಿಲಿನ್ ಮೊದಲಾದ ಪೆನಿಸಿಲಿನ್ ಜಾತಿಯ ಮದ್ದುಗಳು ಗಿನಿಹಂದಿಗೂ ಹ್ಯಾಮ್‌ಸ್ಟರಿಗೂ ಪ್ರಾಣಾಂತಕವಾಗಬಲ್ಲವು. ಕರುಳಿನಲ್ಲಿರುವ ಒಳ್ಳೆಯ ಜೀವಾಣುಗಳನ್ನು ಕೊಂದು, ಕೆಟ್ಟವು ಹಬ್ಬುವಂತೆ ಮಾಡುತ್ತವೆ. ಮನೆಯ ಕಪಾಟಿನಲ್ಲಿ ಉಳಿದ ಔಷಧವನ್ನು ಚಿಕ್ಕ ಪ್ರಾಣಿಗೆ ಚಿಕ್ಕ ಪ್ರಮಾಣವೆಂದು ಕುಡಿಸಿ ಕೊಂದವರನ್ನು ಅವರು ಬಲ್ಲರು. ಊರಿನ ಪಶುವೈದ್ಯಶಾಲೆಯಲ್ಲಿ ದನಕರು ಕುರಿಮೇಕೆಗಳ ಕೈಗುಣ ಉಳ್ಳವರು ದೊರೆತಾರು. ಅಂಗೈಯಷ್ಟು ಪ್ರಾಣಿಗೆ ಮದ್ದು ಮಾಡಬಲ್ಲವರು ಎಲ್ಲಿದ್ದಾರೆಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಿಡಬೇಕು. ಇವು ಬೇನೆಯನ್ನು ತೋರಗೊಡುವುದಿಲ್ಲ. ಕಾಡಿನಲ್ಲಿ ನರಳಿದ ಇಲಿಯನ್ನು ಗೂಬೆ ಒಯ್ಯುತ್ತದಾದುದರಿಂದ ಮೌನವೇ ಅವುಗಳ ರಕ್ಷಣೆ. ಮೇವು ಬಿಟ್ಟಿತೆಂದು ನಮ್ಮ ಕಣ್ಣಿಗೆ ಬೀಳುವಾಗ ಬಹುಕಾಲ ಮೀರಿರುತ್ತದೆ.

ಎರಡು ಹೆಣ್ಣೆಂದು ಅಂಗಡಿಯವನ ಮಾತನ್ನು ನಂಬಿ ತಂದವರ ಮನೆಯಲ್ಲಿ ಸಂಸಾರ ಬೆಳೆಯುವುದೂ ಉಂಟು. ಇಲಿಯು ಮೂರು ವಾರಕ್ಕೆ ಈಯುತ್ತದೆ, ಹತ್ತರ ಸುಮಾರು ಮರಿಗಳು. ಗಿನಿಹಂದಿಗೆ ಎರಡು ತಿಂಗಳ ಮೇಲೆ ಬೇಕಾದರೂ ಮರಿಗಳು ಕಣ್ಣು ತೆರೆದು, ಮೈತುಂಬ ಕೂದಲೊಡನೆ ಹುಟ್ಟಿ, ತಾವೂ ಬೇಗನೆ ಸಂಸಾರಕ್ಕೆ ಸಿದ್ಧವಾಗುತ್ತವೆ. 2018ರಲ್ಲಿ ಸಾಕುಪ್ರಾಣಿಗಳ ಅಂಗಡಿಗಳಿಗೆ ಕೇಂದ್ರ ಸರ್ಕಾರವು ನಿಯಮಗಳನ್ನು ಮಾಡಿದೆ, ಅಂಗಡಿಯು ನೋಂದಣಿಯಾಗಿರಬೇಕು. ಆ ಪತ್ರವನ್ನು ತೋರಿಸೆಂದು ಕೇಳಲು ಸಂಕೋಚವೇಕೆ? ಇನ್ನು ತೋಟದ ಅಳಿಲಿನ ಮರಿಯನ್ನು ಹಿಡಿದು ಸಾಕುವೆವೆನ್ನುವವರಿಗೆ ನನ್ನ ಉತ್ತರ ಒಂದೇ: ವನ್ಯಜೀವಿಗಳಿಗಾಗಿ 1972ರಲ್ಲಿ ಮಾಡಿದ ಕಾಯಿದೆ ಅದಕ್ಕೆ ಅಡ್ಡವಿದೆ. ರಾಮಸೇವೆ ಮಾಡಿದುದಕ್ಕೆ ಪಂಜರವು ಪ್ರತಿಫಲವಾಗಬಾರದು.

ಆಯುಸ್ಸಿನ ಮಾತೂ ಇದೆ. ಹ್ಯಾಮ್‌ಸ್ಟರಿಗೆ ಎರಡು ವರ್ಷ, ಹೆಚ್ಚೆಂದರೆ ಮೂರು, ಇಲಿಗೂ ಅಷ್ಟೇ. ಗಿನಿಹಂದಿಗೆ ಐದರಿಂದ ಎಂಟು. ಐದನೆಯ ತರಗತಿಯಲ್ಲಿ ತಂದ ಹ್ಯಾಮ್‌ಸ್ಟರನ್ನು ಮಗುವು ಏಳನೆಯ ತರಗತಿಯಲ್ಲಿ ಮಣ್ಣು ಮಾಡಬೇಕು. ಮಕ್ಕಳು ಸಾವನ್ನು ಕಾಣಲೇಬಾರದೆಂಬ ಪಕ್ಷ ನನ್ನದಲ್ಲ. ಹಿಂದಿನ ಮನೆಗಳಲ್ಲಿ ಕರುವೂ ಸಾಯುತ್ತಿತ್ತು, ಅಜ್ಜನೂ ಸಾಯುತ್ತಿದ್ದನು, ಮಕ್ಕಳು ಅಲ್ಲೇ ಇರುತ್ತಿದ್ದರು. ಆದರೆ ಆಗ ಅತ್ತುಕೊಳ್ಳಲು ಮನೆತುಂಬ ಮಡಿಲುಗಳಿದ್ದುವು. ಬೀಗ ತೆಗೆದು ಒಳಹೊಕ್ಕ ಹುಡುಗಿಯು ನಾಲ್ಕೂಕಾಲಕ್ಕೆ ಅದನ್ನು ಕಂಡರೆ ಆರೂವರೆಯ ತನಕ ಏನು ಮಾಡಬೇಕು? ಮಿಕ್ಕ ಲೆಕ್ಕವೆಲ್ಲ ಒಂದು ತೂಕ, ನನಗೆ ಇದೊಂದು ತೂಕವಾಗಿ ತೋರಿತು.

ಒಪ್ಪಿದಂತೆ ಮುಂದಿನ ಭಾನುವಾರ ತಂದೆಮಗಳಿಬ್ಬರೂ ಬಂದರು. ನಾನು ತಿಳಿದುಕೊಂಡುದನ್ನೆಲ್ಲ ತಂದೆಗೆ ಹೇಳದೆ ಹುಡುಗಿಗೇ ಹೇಳಿದೆನು. ಹ್ಯಾಮ್‌ಸ್ಟರ್ ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ ಏಳುವುದೆಂದಾಗ ಅವಳು ತಲೆಯೆತ್ತಿ, "ಹಾಗಾದರೆ ನಾನು ಎದ್ದಿರುವಾಗ ಅದು ಮಲಗಿರುತ್ತೆ, ಅದು ಎದ್ದಾಗ ನಾನು ಮಲಗಿರ್ತೀನಿ. ಯಾವಾಗ ಆಡೋದು, ತಾತ?" ಎಂದಳು. ಅಪ್ಪನಿಗೆ ಒಂದು ತಿಂಗಳಿಂದ ತೋಚದ ಪ್ರಶ್ನೆ ಅದು. ಗಿನಿಹಂದಿಯ ಮಾತು ಬಂದಾಗ, ದಿನವೂ ಯಾರು ಗುಡಿಸುವರು, ಬೇಸಗೆಯ ರಜದಲ್ಲಿ ಊರಿಗೆ ಹೋದರೆ ಯಾರು ನೋಡುವರು ಎಂದು ಕೇಳಿದೆನು. ಮೊದಲನೆಯದಕ್ಕೆ ತಾನೆಂದಳು. ಎರಡನೆಯದಕ್ಕೆ ಉತ್ತರ ತೋರದೆ ಅಪ್ಪನ ಮುಖ ನೋಡಿದಳು.

ಅವಳು ಹಿತ್ತಿಲಿಗೆ ಹೋದಮೇಲೆ ಅವನಿಗೆ ಹೇಳಬೇಕಾದುದನ್ನು ಹೇಳಿದೆನು. "ಅಪ್ಪಾ, ಪ್ರಾಣಿಯನ್ನು ತಾ, ಬೇಡವೆನ್ನುವುದಿಲ್ಲ. ಆದರೆ ಮಗು ಮಾತು ಬಿಟ್ಟಿದೆ ಎಂದೆಯಲ್ಲ, ಆ ಮಾತಿಗೆ ಪ್ರತಿಮಾತು ಕೊಡುವ ಕೆಲಸವನ್ನು ಆ ಮೂಕಪ್ರಾಣಿಯ ಮೇಲೆ ಹಾಕಬೇಡ. ಅದು ನಿನ್ನದು, ನಿನ್ನ ಹೆಂಡತಿಯದು." ಅವನು ಬಹಳ ಹೊತ್ತು ಸುಮ್ಮನಿದ್ದು, "ಸಂಜೆ ಐದಕ್ಕೆ ಬಿಡೋ ಹಾಗೆ ಕೇಳಿ ನೋಡ್ತೀನಿ, ಮೇಷ್ಟ್ರೇ" ಎಂದನು.

ಐದು ಗಂಟೆಯ ಅನುಮತಿ ವಾರಕ್ಕೆ ಮೂರು ದಿನ ಮಾತ್ರ ದೊರೆಯಿತು. ಉಳಿದ ದಿನ ಹುಡುಗಿ ಶಾಲೆಯಿಂದ ನೇರವಾಗಿ ನಮ್ಮ ಮನೆಗೆ ಬರುವುದೆಂದು ಏರ್ಪಾಡಾಯಿತು. ಬಂದವಳಿಗೆ ನಾನೊಂದು ಕೆಲಸ ಕೊಟ್ಟೆನು: ಗಿನಿಹಂದಿ ಇದೆಯೆಂದೇ ತಿಳಿದು ದಿನವೂ ಒಂದು ಬುಟ್ಟಿ ಗರಿಕೆ ಕೊಯ್ಯುವುದು. ಹಿತ್ತಿಲಲ್ಲಿ ಬಾಗಿ ಕೊಯ್ಯುತ್ತ ಕೊಯ್ಯುತ್ತ ಶಾಲೆಯ ಸಮಾಚಾರ ಹೇಳತೊಡಗಿದಳು. ಏಪ್ರಿಲು ಮುಗಿಯುವ ಹೊತ್ತಿಗೆ ನನ್ನಾಕೆಗೆ ಅವಳ ತರಗತಿಯ ನಲವತ್ತು ಹುಡುಗಿಯರ ಹೆಸರೂ ಬಾಯಿಪಾಠವಾಗಿದ್ದಿತು. ಎರಡು ದಿನ ಬಿಟ್ಟು ಒಂದು ದಿನವೂ ಬುಟ್ಟಿ ತಪ್ಪಲಿಲ್ಲ. ಆ ಎರಡು ದಿನ ಜ್ವರ ಬಂದಿತ್ತು.

ಮಳೆ ಹಿಡಿದು ತಂಪಾದ ಮೇಲೆ, ಜುಲೈ ತಿಂಗಳಲ್ಲಿ, ಎರಡು ಹೆಣ್ಣು ಗಿನಿಹಂದಿಗಳು ಅವರ ಮನೆಗೆ ಬಂದುವು. ಹೆಣ್ಣೆಂಬುದನ್ನು ಪಶುವೈದ್ಯರು ಪರೀಕ್ಷಿಸಿಯೇ ಹೇಳಿದ್ದರು. ಗೂಡಿಗೆ ಆದ ಖರ್ಚು ಪ್ರಾಣಿಗಳ ಬೆಲೆಗಿಂತ ಹೆಚ್ಚಾಯಿತು. ದಸರಾ ರಜದಲ್ಲಿ ಅವರು ಊರಿಗೆ ಹೋದಾಗ ಗೂಡು ನಮ್ಮ ನಡುಮನೆಗೆ ಬಂದಿತು. ನನ್ನಾಕೆ ಮೊದಲ ದಿನ ದೂರದಿಂದ ನೋಡಿದಳು. ಮೂರನೆಯ ದಿನ ಕೊತ್ತಂಬರಿ ಬಿಡಿಸುತ್ತ ಕುಳಿತಿದ್ದಾಗ ಅವು ಸಿಳ್ಳೆ ಹಾಕಿದುವು. ಎರಡು ಕಡ್ಡಿ ಎಸೆದಳು. ಇವೂ ಮೂಷಕ ಜಾತಿಗೇ ಸೇರಿದುವೆಂದು ನಾನು ಹೇಳಿದರೆ ಅವಳು ಇಂದಿಗೂ ಒಪ್ಪುವುದಿಲ್ಲ. "ಬಾಲವೇ ಇಲ್ಲದ್ದು ಇಲಿ ಹೇಗಾದೀತು? ಸುಮ್ಮನಿರಿ" ಎನ್ನುತ್ತಾಳೆ. ಶಾಸ್ತ್ರಪ್ರಮಾಣ ತೋರಿಸಿ ವಾದಕ್ಕಿಳಿಯಲು ನಾನು ಹೋಗಿಲ್ಲ.